ಮುಳ್ಳಿನ ಸೀನು

4-2-1983, ಶುಕ್ರವಾರ

ಸಂಜೆ ಆರು. ಮ್ಯಾಟ್ನಿ ಬಿಟ್ಟಿತು. ಫಸ್ಟ್ ಶೋಗೆ ಇನ್ನೂ ಅರ್ಧ ಗಂಟೆ. ಹೆಂಗಸರ ಗೇಟಿನ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಧ್ಯಾಹ್ನದಿಂದ ನಿಂತು ಕಾಲು ಊದಿದೆ.

ಇವತ್ತು ಹೊಸ ಚಿತ್ರ. ಚನ್ನಗಿರಿಯಲ್ಲಿ ಮೂರೇ ದಿನಕ್ಕೆ ಎತ್ತಿದರಂತೆ. ನ್ಯಾಮತಿಯವರು ಬೇಡವೆಂದರಂತೆ. ನಮ್ಮ ಸಾಹುಕಾರ ಜಯಪ್ಪನವರಿಗೆ ಈ ವಾರ ಬೇರೆ ಚಿತ್ರದ ಪೆಟ್ಟಿಗೆ ಸಿಗಲಿಲ್ಲ. ಹಾಗಾಗಿ ಹೊನ್ನಾಳಿಗೆ ಬಂತು. ಹಾಡಿಲ್ಲ, ಫೈಟ್ ಇಲ್ಲ. ಚಾಪೆ ಹೆಣೆಯುವ ಇಬ್ಬರು ಹೆಂಗಸರು. ಒಂದೇ ಮನೆ, ಒಂದೇ ಒಲೆ. ಊರವರು ಮಾತಾಡಿಕೊಳ್ಳುತ್ತಾರೆ. ಒಬ್ಬಳಿಗೆ ಬಲವಂತದ ಮದುವೆ. ಇನ್ನೊಬ್ಬಳು ಬಾವಿಗೆ ಬೀಳುತ್ತಾಳೆ. ಶುಭಂ.

ನಡುವೆ ಒಂದು ಸೀನು. ಹೊಸ್ತಿಲ ಮೇಲೆ ಕುಳಿತು ಒಬ್ಬಳು ಇನ್ನೊಬ್ಬಳ ಹಿಮ್ಮಡಿಯಿಂದ ಮುಳ್ಳು ತೆಗೆಯುತ್ತಾಳೆ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ. ಮುಳ್ಳು ಬಂತು. ಪಾದ ಬಿಡಲಿಲ್ಲ. ಅದರ ಮೇಲೆ ಕೆನ್ನೆ ಇಟ್ಟಳು. ಅಷ್ಟೇ. ಗಂಡಸರ ಬೆಂಚಿನಿಂದ ಸಿಳ್ಳೆ. ಈ ಕಡೆ ಒಂದು ಬಳೆಯೂ ಸದ್ದು ಮಾಡಲಿಲ್ಲ. ಕಡಲೆ ಮಾರುವ ಗಿಡ್ಡಮ್ಮ ಮಾತ್ರ — "ಅಯ್ಯ, ಒಂದ್ ಮುಳ್ಳು ತೆಗ್ಯಾಕೆ ಇಷ್ಟೊತ್ತೇನೆ!"

ಹುಲಿಗೆಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಕೋಣೆ. ಡ್ಯೂಟಿ ಮುಗಿಸಿ ಬಂದು ಕಾಲು ಚಾಚುತ್ತಿದ್ದಳು. ಒತ್ತುತ್ತಿದ್ದೆ. ಒತ್ತಿ ಮುಗಿದ ಮೇಲೂ...

ಬೆಲ್ಲು ಹೊಡೆಯಿತು.

5-2, ಶನಿವಾರ

ಸೀನು ಹೋಯಿತು. ಸಾಹುಕಾರರ ಹುಕುಂ. "ಸಂಸಾರಸ್ಥ ಹೆಣ್ಮಕ್ಳು ಬರೋ ಟಾಕೀಸು ಇದು. ಕತ್ರಿಸ್ರಿ ಅದನ್ನ. ಬಾವಿಗೆ ಬೀಳೋದು ಇರ್ಲಿ, ಅದ್ರಾಗೆ ನೀತಿ ಐತೆ."

ಆಪರೇಟರ್ ಕೊಟ್ರಬಸಣ್ಣ ಕತ್ತರಿಸಿದರು. ಕತ್ತರಿಸಿದ್ದನ್ನು ಎಸೆಯುವಂತಿಲ್ಲ. ಪೆಟ್ಟಿಗೆ ಮುಂದಿನ ಊರಿಗೆ ಹೋಗುವ ಮೊದಲು ಸೇರಿಸಿ ಕೊಡಬೇಕು. ತುಂಡನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದಾರೆ. ಹತ್ತನೇ ರೀಲಿನಲ್ಲಿ, ತೆಗೆದ ಜಾಗಕ್ಕೆ ಗುರುತಾಗಿ ಬಿಳಿ ದಾರ ಇಟ್ಟಿದ್ದಾರೆ.

ಈಗ ಚಿತ್ರದಲ್ಲಿ ಅವರು ಚಾಪೆ ಹೆಣೆಯುತ್ತಾರೆ, ಬೈಸಿಕೊಳ್ಳುತ್ತಾರೆ, ಒಬ್ಬಳು ಸಾಯುತ್ತಾಳೆ. ದಿನಕ್ಕೆ ಮೂರು ಆಟ.

8-2, ಮಂಗಳವಾರ

ಆಸ್ಪತ್ರೆಗೆ ಸೊಕ್ಕೆಯಿಂದ ಕಾರ್ಡು ಬಂದಿದೆ. ಹುಲಿಗೆಮ್ಮಳ ಅಣ್ಣ ಪಾಪಣ್ಣ ಬರೆದದ್ದು. ಹನ್ನೆರಡನೇ ತಾರೀಕು ವರ್ಷದ ಎಡೆ, ಆಸ್ಪತ್ರೆಯವರೆಲ್ಲ ಬರಬೇಕು ಅಂತ. ವಾರ್ಡಿನ ದುರುಗಮ್ಮ ಓದಿ ಹೇಳಿದಳು. "ನಿನ್ನ ಹೆಸ್ರು ಬರ್ದಿಲ್ಲ ಕಣೆ," ಎಂದಳು. ಪಾಪ, ಅವಳೇ ನಾಚಿಕೊಂಡಳು.

ಹೋದ ವರ್ಷ ಹುಲಿಗೆಮ್ಮ ಕಾಮಾಲೆಯಲ್ಲಿ ಹೋದಳು. ಪಾಪಣ್ಣ ವ್ಯಾನು ತಂದು ಮಣ್ಣಿಗೆ ಊರಿಗೆ ಒಯ್ದ. "ನೀವು ರೂಮಿನೋರು. ನೀವ್ಯಾಕೆ ತ್ರಾಸು ತಗಂತೀರಿ," ಎಂದ. ಆದರೂ ಸಾಹುಕಾರರಲ್ಲಿ ರಜೆ ಕೇಳಿದೆ. "ಆಕೆ ನಿನಗೇನಾಗ್ಬೇಕು, ಓಬವ್ವ?" ಎಂದರು. ರಜೆ ಸಿಗಲಿಲ್ಲ. ಆ ಮಧ್ಯಾಹ್ನ ಇದೇ ಗೇಟಿನಲ್ಲಿ ಟಿಕೆಟ್ ಹರಿದೆ.

10-2, ಗುರುವಾರ

ಬೆಳಿಗ್ಗೆ ಹತ್ತು. ಇವತ್ತು ಕಡೆಯ ದಿನ. ಪೆಟ್ಟಿಗೆ ಜೊತೆ ಬಂದಿರುವ ಕಂಪನಿಯವನು ಚಿತ್ರ ಪೂರ್ತಿಯಾಗಿ ಓಡಿದ್ದು ಕಣ್ಣಾರೆ ನೋಡಿದ ಮೇಲೇ ಒಯ್ಯುತ್ತಾನಂತೆ. ಕೊಟ್ರಬಸಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಸಾಹುಕಾರರಿಗೆ ಗೊತ್ತಿಲ್ಲ. ಅಂಟಿಸುವ ಕೆಲಸಕ್ಕೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

"ಹತ್ತನೇದು ಕೊಡು ತಂಗಿ. ದಾರ ಐತೆ ನೋಡು."

ಹದಿನಾಲ್ಕನೆಯದು ಕೊಟ್ಟೆ. ಕಡೆಯ ರೀಲು. ಗೊತ್ತಿದ್ದೇ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಾವಿ, ಹಗ್ಗ, ಆಮೇಲೆ ಯಾವುದೋ ಊರಿನವರು ಎಂದೋ ಅಂಟಿಸಿದ ಹಳೇ ಜಾಯಿಂಟು. ಅದರ ಮುಂದೆ ಶುಭಂ.

"ಇಲ್ಲಿ," ಎಂದೆ.

ಹೆಬ್ಬೆರಳಿನಿಂದ ಸವರಿದರು. "ಹೂಂ, ಜಾಯಿಂಟ್ ಐತೆ." ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದರು. ದಾರ ನನ್ನ ಸೆರಗಿನ ಗಂಟಿನಲ್ಲಿದೆ.

10-2, ಗುರುವಾರ

ರಾತ್ರಿ ಎಂಟು. ಕೋಣೆಯಲ್ಲಿದ್ದೇನೆ. ಇನ್ನು ಈ ಹೊತ್ತಿಗೆ ಇಲ್ಲೇ ಇರುತ್ತೇನೆ.

ಮ್ಯಾಟ್ನಿ. ಅವಳು ಬಾವಿಗೆ ಬಿದ್ದಳು. ಹಗ್ಗ ಅಲ್ಲಾಡಿ ನಿಂತಿತು. ಹೆಂಗಸರು ಮೂಗು ಒರೆಸಿಕೊಂಡು ಏಳುತ್ತಿದ್ದರು. ಆಗ ಹೊಸ್ತಿಲು ಬಂತು. ಇಬ್ಬರೂ. ಪಿನ್ನು, ಮುಳ್ಳು, ಪಾದ. ಕೆನ್ನೆ. ಎದ್ದವರು ಹಾಗೇ ನಿಂತರು. ಶುಭಂ.

"ಸತ್ತಿಲ್ಲ ಬಿಡೇ ಅವ್ಳು!" ಗಿಡ್ಡಮ್ಮನ ದನಿ.

"ಅಲ್ಲ ಕಣಬೆ, ಸ್ವರ್ಗ ಅದು."

"ಸ್ವರ್ಗದಾಗೆ ಮುಳ್ಳು ಇರ್ತಾವೇನೆ? ಮನೇನೇ ಅದು. ಎದ್ದು ಮನಿಗೆ ಬಂದಾಳೆ."

ನಗುತ್ತಾ ಹೋದರು. ಒಬ್ಬಾಕೆ ಮಾತ್ರ ಬೆಳ್ಳಗಿನ ಪರದೆ ನೋಡುತ್ತ ನಿಂತೇ ಇದ್ದಳು. ಯಾರೋ ಗೊತ್ತಿಲ್ಲ. ಹೋಗಿರಿ ಅನ್ನಲಾಗಲಿಲ್ಲ.

ಮೇಲೆ ಸಾಹುಕಾರರು ಕೊಟ್ರಬಸಣ್ಣನ ಮೇಲೆ ಕೂಗಾಡುತ್ತಿದ್ದರು. ಕಂಪನಿಯವನೂ ಬಾಗಿಲಲ್ಲಿದ್ದ. "ಹತ್ತೊಂಬತ್ತು ವರ್ಷ ಆಪರೇಟರ್ ಅಂತೆ! ಕಣ್ಣು ಕಾಣಾಕಿಲ್ಲ ಅಂದ್ರೆ ಮನಿಗೆ ಹೋಗ್ರಿ!" ಕೊಟ್ರಬಸಣ್ಣ ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ನನ್ನ ಹೆಸರು ಹೇಳಲಿಲ್ಲ.

"ನಾನು ತೋರ್ಸಿದ್ದು ರೀ," ಎಂದೆ. "ಅವರ ತಪ್ಪಿಲ್ಲ. ಬೇಕಂತಲೇ ಕಡೆ ರೀಲು ಕೊಟ್ಟೆ."

"ಯಾಕೆ?"

"ಒಂದು ಸಾವಿಗೆ ಹೋಗಾಕೆ ನೀವು ಬಿಡ್ಲಿಲ್ಲ. ಇನ್ನೊಂದನ್ನ ದಿನಾ ಮೂರು ಆಟ ತೋರ್ಸಿದ್ರಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ನನ್ನ ಮುಖ ನೋಡಲಿಲ್ಲ. "ಇನ್ಮ್ಯಾಲೆ ಗೇಟಿಗೆ ಬರೋದು ಬ್ಯಾಡ," ಎಂದು ಇಳಿದು ಹೋದರು.

ತುಂಡನ್ನು ಬಿಚ್ಚಿ ಅದರ ಜಾಗಕ್ಕೇ ಸೇರಿಸಿದೆವು. ದಾರ ಕೊಟ್ಟೆ. ಕೊಟ್ರಬಸಣ್ಣ ಅದನ್ನು ಬೆರಳಿಗೆ ಸುತ್ತಿಕೊಂಡರು.

"ನನ್ನ ಕಣ್ಣು ಅಂತ ನಿನ್ನ ಕೂರಿಸ್ಕೊಂಡಿದ್ನಲ್ಲವ್ವ."

ಅಂಟಿನ ಸೀಸೆ ಮುಚ್ಚಿಟ್ಟು ಎದ್ದೆ. ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರು — "ಆಕೆ ಊರು ಜಗಳೂರ ಕಡೆ ಅಲ್ಲೇನು?"

"ಸೊಕ್ಕೆ."

"ಈ ಪೆಟ್ಟಿಗೇನೂ ಜಗಳೂರಿಗೇ ಹೊಂಟೈತೆ. ಹೋಗಿ ಬಾ."

ಕರೆದಿಲ್ಲ. ಹೋದರೆ ಪಾಪಣ್ಣ ಏನನ್ನುತ್ತಾನೋ. ನಿನಗೇನಾಗಬೇಕು ಎಂದು ಕೇಳಿಯೇ ಕೇಳುತ್ತಾನೆ. ಕೇಳಲಿ.

ಒಂದು ಸೀರೆ ಮಡಿಸಿಟ್ಟೆ. ಬಾಗಿಲ ಹಿಂದಿದ್ದ ಅವಳ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿದೆ. ಬಿಚ್ಚಿ, ಇದ್ದಲ್ಲೇ ಇಟ್ಟೆ.

ಸೊಕ್ಕೆಗೆ ದಾವಣಗೆರೆ ಮೇಲೆ ಹೋಗಬೇಕು. ಮೊದಲ ಬಸ್ಸು ನಾಳೆ ಆರೂ ಮುಕ್ಕಾಲಿಗೆ.