ಹಿಡಿ ಅಕ್ಕಿಯ ಡಬ್ಬಿ

ಸುವಾರ್ತಾ,

ಚಿಕ್ಕವ್ವನ ಕಣ್ಣಿನ ಆಪರೇಶನ್‌ಗೆಂದು ಧಾರವಾಡಕ್ಕೆ ಹೊರಟಿದ್ದೇನೆ. ನಾಳೆ ಸಂಜೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದೇನೆ. ಅಪ್ಪನಿಗೆ ಗುಳಿಗೆ ನೆನಪಿಸು. ಹಾಲು ಒಲೆಯ ಮೇಲಿಟ್ಟು ಟಿವಿ ಮುಂದೆ ಕೂಡಬೇಡ.

ನಾಳೆ ಚರ್ಚಿಗೆ ಕಾಣಿಕೆಯ ಹಿಡಿ ಅಕ್ಕಿಯ ಡಬ್ಬಿ ನೀನೇ ಒಯ್ಯಬೇಕು. ನಿನ್ನೆ ನಿನ್ನ ಗೆಳತಿಯರು ಬಂದರೆಂದು ನೀನು ಅದರಲ್ಲಿದ್ದ ಅಕ್ಕಿಯನ್ನೆಲ್ಲ ಪಲಾವ್ ಮಾಡಿಬಿಟ್ಟೆ. ಹೋಗಲಿ, ಉಂಡವರೂ ಮಕ್ಕಳೇ. ಆದರೆ "ಅದಕ್ಯಾಕ ಇಷ್ಟ ಸಿಟ್ಟವ್ವಾ, ಅಂಗಡ್ಯಾಗಿಂದ ತಂದು ತುಂಬಸಿದ್ರಾತು" ಅಂದೆಯಲ್ಲ, ಅದು ಮನಸ್ಸಿಗೆ ಹತ್ತಿತು.

ನಿನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅನ್ನಕ್ಕಿಡುವಾಗ ಪ್ರತಿದಿನ ಒಂದು ಹಿಡಿ ಅಕ್ಕಿ ತೆಗೆದು, ಯಾರಾದರೊಬ್ಬರ ಹೆಸರು ಹೇಳಿ ಆ ಡಬ್ಬಿಗೆ ಹಾಕುತ್ತಿದ್ದರು. ಅದೇ ಅವರ ಪ್ರಾರ್ಥನೆ. ನೀನು ಹುಟ್ಟುವ ಮೊದಲು ಎಷ್ಟೋ ಹಿಡಿ ನಿನ್ನ ಪಾಲಿಗೇ ಬಿದ್ದವು. ಅಜ್ಜನ ಕೆಲಸ ಹೋದ ವರ್ಷ ಡಬ್ಬಿಯ ತಳ ಕಾಣುತ್ತಿತ್ತು. ಹೊಸ ಸೊಸೆಯಾದ ನಾನು ನಾಚಿ ಡಬ್ಬಿಗೆ ಸೆರಗು ಮುಚ್ಚಿದರೆ, ಅಜ್ಜಿ ಚರ್ಚಿನ ಬಾಗಿಲಲ್ಲೇ ಅದನ್ನು ಸರಿಸಿದರು. "ಮುಚ್ಚಬ್ಯಾಡವಾ. ದೇವರು ಡಬ್ಬಿ ತೂಗಂಗಿಲ್ಲ."

ಈ ತಿಂಗಳ ಹಿಡಿಗಳನ್ನೆಲ್ಲ ನಾನು ಚಿಕ್ಕವ್ವನ ಕಣ್ಣಿಗೆಂದು ಹಾಕಿದ್ದೆ. ಸಿಟ್ಟು ಬಂದದ್ದು ಅದಕ್ಕೆ. ನಿನಗೆ ಹೇಳಿರಲಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು?

ಅಂಗಡಿಯ ಅಕ್ಕಿ ತುಂಬಬೇಡ. ಇವತ್ತು ಅನ್ನಕ್ಕಿಡುವಾಗ ಒಂದು ಹಿಡಿ ತೆಗೆ, ಚಿಕ್ಕವ್ವನ ಹೆಸರು ಹೇಳಿ ಹಾಕು. ಅವಳನ್ನು ಆಪರೇಶನ್‌ಗೆ ಒಳಗೆ ಕರೆದೊಯ್ಯುವುದೂ ಅದೇ ಹೊತ್ತಿಗೆ. ನಾಳೆ ಅಷ್ಟನ್ನೇ ಒಯ್ಯಿ, ಮುಚ್ಚಳ ಹಾಕದೆ.

ಅವ್ವ