ಬೆಲ್ಲಿಲ್ಲದೆ ಬಂದ ಸೈಕಲ್ಲು

ಹೊಳನಗದ್ದೆ,
ತಾ. ೨೯-೮-೧೯೬೦

ನಮ್ಮ ಸೀತೆಯ ಅಪ್ಪನವರಿಗೆ ಹೊನ್ನಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮುಂಬಯಿಯ ಆ ಹೋಟೆಲಿನ ಹೊಗೆಯಲ್ಲಿ ಕೆಮ್ಮು ಹೋಗುವುದಾದರೂ ಹೇಗೆ? ಮಲಗುವಾಗ ಬಿಸಿನೀರು ಕುಡಿಯಿರಿ ಎಂದರೆ ನೀವು ಚಹಾ ಕುಡಿಯುವವರು. ಇಲ್ಲಿ ನಾವೆಲ್ಲ ಆರಾಮ. ಗದ್ದೆಯ ನಟ್ಟಿ ಮುಗಿದಿದೆ. ನೀವು ಹೋಗುವಾಗ ಅಂಬೆಗಾಲಿಡುತ್ತಿದ್ದ ಸೀತೆ ಈಗ ಓಡುತ್ತಾಳೆ, ಹಿಡಿಯುವುದರಲ್ಲಿ ಅತ್ತೆಯವರ ಸೊಂಟ ಬಿದ್ದುಹೋಗಿದೆ.

ಈಗ ಸುದ್ದಿ. ಕುಮಟೆಯಲ್ಲಿ ಸೋಡಾ ಮಾಡುವ ಬೀರಪ್ಪನವರಿಗೆ ಅಂಗಡಿಗಳಿಗೆ ಬಾಟಲಿ ಮುಟ್ಟಿಸಲು ಸ್ವಂತ ಸೈಕಲ್ ಇರುವ ಆಳು ಬೇಕಂತೆ. ನವರಾತ್ರಿಯ ತನಕ ನಿಮಗಾಗಿ ಕಾಯುತ್ತೇನೆ ಎಂದಿದ್ದಾರೆ. ನೀವು ಊರಲ್ಲೇ ಇರಲಿಕ್ಕೆ ನನಗೆ ಕಂಡದ್ದು ಇದೊಂದೇ ದಾರಿ. ಆದರೆ ಸೈಕಲ್ಲೆಲ್ಲಿ? ಸುಗ್ಗಿಹಬ್ಬ ಮುಗಿದದ್ದೇ ನೀವು ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಕಾಯ್ಕಿಣಿಯ ನನ್ನ ಅಣ್ಣ ಮಾಬ್ಲನಿಗೆ ಕೊಟ್ಟು, ಬದಲಿಗೆ ಅವನ ಎಮ್ಮೆಯನ್ನು ತಂದು ಕಟ್ಟಿ ಮುಂಬಯಿಗೆ ಹೋದಿರಿ. ಮಗುವಿಗೆ ಹಾಲಾಗುತ್ತದೆ ಎಂದಿರಿ. ಆಯಿತಲ್ಲ, ಭಾರೀ ಚೆಂದ ಆಯಿತು! ಆ ಎಮ್ಮೆ ನನ್ನ ಅತ್ತಿಗೆ ಸೋಮಿಯ ಕೈಗಲ್ಲದೆ ಬೇರೆ ಯಾರಿಗೂ ಹಾಲು ಬಿಡುವುದಿಲ್ಲ. ಅತ್ತಿಗೆಯ ಹಳೆ ಸೀರೆ ತರಿಸಿ ಉಟ್ಟುಕೊಂಡು ಕರೆಯಲು ಕೂತೆ. ಸೀರೆಯನ್ನು ಪ್ರೀತಿಯಿಂದ ನೆಕ್ಕಿತು, ಆಮೇಲೆ ಚೊಂಬನ್ನು ಒದೆಯಿತು. ಅಂದಿನಿಂದ ಸೀತೆಗೆ ಪಕ್ಕದ ಮನೆ ದುರ್ಗಮ್ಮನ ದನದ ಹಾಲೇ ಗತಿ.

ಚೌತಿಗೆ ತವರಿಗೆ ಹೋದವಳು ಅಣ್ಣನಿಗೆ, ನಿನ್ನ ಎಮ್ಮೆ ನಿನಗೆ, ನಮ್ಮ ಸೈಕಲ್ಲು ನಮಗೆ ಎಂದೆ. ಕೊಟ್ಟಿಗೆ ದಾಟಿಸಿದ ಎಮ್ಮೆಯನ್ನು ತಿರುಗಿ ಕಟ್ಟಬಾರದು ಎಂದು ನಿಮ್ಮ ಭಾವ ಶಾಸ್ತ್ರ ಹೇಳಿದ. ಅವನಿಗೆ ಸೈಕಲ್ ಹತ್ತಲಿಕ್ಕೇ ಬರುವುದಿಲ್ಲ, ಗೊತ್ತುಂಟೋ? ಮುರ್ಡೇಶ್ವರದ ತನಕ ಅದನ್ನು ತಳ್ಳಿಕೊಂಡು ನಡೆದೇ ಹೋಗುತ್ತಾನೆ, ದಾರಿಯುದ್ದಕ್ಕೂ ಬೆಲ್ಲು ಹೊಡೆಯುತ್ತಾನೆ. ಮಳೆ ಬಂದರೆ ಕೊಡೆಯನ್ನು ಸೈಕಲ್ಲಿಗೆ ಹಿಡಿದು ತಾನು ನೆನೆಯುತ್ತಾನೆ. ಅತ್ತಿಗೆಯೋ, ಎಮ್ಮೆಯ ಸುದ್ದಿ ಕೇಳಿ ಕಣ್ಣೀರು ಹಾಕಿದಳು. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ.

ಹೊರಡುವ ಬೆಳಿಗ್ಗೆ ಅಮ್ಮ ಉಡಿ ತುಂಬಲು ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಎಲ್ಲ ಇಟ್ಟುಕೊಂಡು ಕರೆದಳು. ನಾನು ಮಣೆಯ ಮೇಲೆ ಕೂತೆ, ಸೆರಗು ಮಾತ್ರ ಒಡ್ಡಲಿಲ್ಲ. "ಎಂತಾತೆ ಹೊನ್ನಿ?" ಎಂದಳು. "ಸೈಕಲ್ ಬಂದ್ರೆ ಸೆರಗು ಒಡ್ತೆ" ಎಂದೆ. ಅಣ್ಣ ನಕ್ಕ. ಬೆಳಗಿನ ಬಸ್ಸು ಹೋಯಿತು, ಮಧ್ಯಾಹ್ನವಾಯಿತು, ಕಾಲು ಜೋಮು ಹಿಡಿಯಿತು. ನಾನು ಏಳಲಿಲ್ಲ. ಕೊನೆಗೆ ಅಮ್ಮ ಅನ್ನದ ಪಾತ್ರೆ ಮುಚ್ಚಿ, "ಮಗಳು ಖಾಲಿ ಉಡೀಲಿ ಹೊಸ್ತಿಲು ದಾಟ್ರೆ ಈ ಮನೇಲಿ ಯಾರೂ ಉಣ್ಣೂದಿಲ್ಲ" ಎಂದಳು. ಅಣ್ಣನಿಗೆ ಹಸಿವು ತಡೆಯುವುದಿಲ್ಲ, ನಿಮಗೆ ಗೊತ್ತಲ್ಲ. ಸೈಕಲ್ಲು ಅಂಗಳಕ್ಕೆ ಬಂತು. ಆದರೆ ಬೆಲ್ಲನ್ನು ಬಿಚ್ಚಿ ಇಟ್ಟುಕೊಂಡ. ಇನ್ನು ಬೆಲ್ಲೊಂದನ್ನೇ ಕೈಯಲ್ಲಿ ಹಿಡಿದುಕೊಂಡು ಪೇಟೆಗೆ ಹೋಗುತ್ತಾನೋ ಏನೋ.

ಬಸ್ಸಿನ ಮೇಲೆ ಹಾಕಿಸಿ ಹೊನ್ನಾವರಕ್ಕೆ ತಂದೆ, ದೋಣಿಯಲ್ಲಿ ಹೊಳೆ ದಾಟಿಸಿದೆ, ಮತ್ತೊಂದು ಬಸ್ಸಿನ ಮೇಲೆ ಕುಮಟೆಗೆ. ಅಲ್ಲಿಂದ ಸೀತೆಯನ್ನು ಸೀಟಿನ ಮೇಲೆ ಕೂರಿಸಿ ಮನೆಯ ತನಕ ತಳ್ಳಿಕೊಂಡೇ ಬಂದೆ. ಅಣ್ಣ ತಳ್ಳುವುದನ್ನು ನೋಡಿ ನಕ್ಕವಳಿಗೆ ತಕ್ಕದ್ದೇ ಆಯಿತು. ಎಮ್ಮೆಯನ್ನು ಅವನು ಭಾನುವಾರ ಬಂದು ಹೊಡೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಬೀರಪ್ಪನವರಿಗೂ ಸೈಕಲ್ಲು ತೋರಿಸಿದೆ. ಸೈಕಲ್ಲು ಬಂತು, ಹತ್ತುವವನೆಲ್ಲಿ ಎಂದು ಕೇಳಿದರು. ನಾನು ಏನು ಹೇಳಲಿ?

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತು ನಿಮ್ಮ
ಹೊನ್ನಿ

ತಾ.ಕ.: ಅಂಚೆಯವರು ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಇದು ಅಪ್ಪಂದು, ಇದು ಅಪ್ಪಂದು ಎಂದು ಹೇಳಿಕೊಟ್ಟದ್ದೇ ತಪ್ಪಾಯಿತು. ಸೀತೆ ಈಗ ಆ ಸೈಕಲ್ಲನ್ನೇ ಅಪ್ಪಾ ಎಂದು ಕರೆಯುತ್ತಾಳೆ. ನಿನ್ನೆ ಊಟದ ಹೊತ್ತಿಗೆ ಅದರ ಚಕ್ರಕ್ಕೆ ಒಂದು ತುತ್ತು ಅನ್ನ ಮೆತ್ತಿ, ಉಣ್ಣು ಉಣ್ಣು ಎನ್ನುತ್ತಿದ್ದಳು. ಮುಂಬಯಿಯಲ್ಲಿ ಒಂದು ಒಳ್ಳೆಯ ಬೆಲ್ಲು ತೆಗೆದುಕೊಳ್ಳಿ. ಅಂಚೆಯಲ್ಲಿ ಕಳಿಸಬೇಡಿ, ನೀವೇ ತನ್ನಿ.