ಬೂದಿ ಹಚ್ಚಿದ ಬೆರಳು

ಚಿಮ್ಮಡ
೧೭ ನವೆಂಬರ್ ೨೦೨೪

ಸ್ನೇಹಕ್ಕಾ,

ಏಳನೇ ಇಯತ್ತೆಯಿಂದ ನಿನ್ನಿಂದ ಮುಚ್ಚಿಟ್ಟ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಾನು ದೇವರನ್ನು ನಂಬುವುದಿಲ್ಲ. ಅಪ್ಪ ಹೊರಗೆ ಹೋದ ಮೇಲೆ ಅವ್ವ ಕದ ಮುಂದೆ ಮಾಡಿ, ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟ ಹಿತ್ತಾಳೆಯ ನಂದಿಯನ್ನು ತೆಗೆದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸುತ್ತಿದ್ದಳಲ್ಲ, ಆಗ ನೀನು ಕಣ್ಣು ಮುಚ್ಚುತ್ತಿದ್ದಿ. ನಾನು ಅವ್ವನ ಮುಖ ನೋಡುತ್ತಿದ್ದೆ. ಇಡೀ ದಿನದಲ್ಲಿ ಆ ಹೊತ್ತಿಗಷ್ಟೇ ಆ ಮುಖ ಅಷ್ಟು ಚೆಂದ ಆಗುತ್ತಿತ್ತು. ಅದು ಕೆಡಬಾರದು ಅಂತ ನಾನೂ ತುಟಿ ಅಲ್ಲಾಡಿಸುತ್ತಿದ್ದೆ. ಇಷ್ಟು ವರ್ಷ ಅಲ್ಲಾಡಿಸುತ್ತಲೇ ಬಂದೆ.

ಈಗ ಕ್ಷೇಮ ಸಮಾಚಾರ. ನೀನು, ಗುರುಪಾದ ಭಾವ, ಹೊಟ್ಟೆಯಲ್ಲಿರುವ ಕೂಸು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಅನಗವಾಡಿಯ ಹೊಳೆಗಾಳಿ ತಣ್ಣಗಾಗಿರಬೇಕು, ಸಂಜೆ ಕಟ್ಟೆಯ ಮೇಲೆ ಕೂರಬೇಡ. ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಅಕ್ಷರ ಸೊಟ್ಟ ಇವೆ, ಅದಕ್ಕೂ ಸಿಟ್ಟಾಗಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಅಳುತ್ತಿ, ನೀನು ಅತ್ತರೆ ನಾನು ಅರ್ಧ ಹೇಳಿ ನಿಂತುಬಿಡುತ್ತೇನೆ. ಕಾಗದಕ್ಕೆ ಅಳುವುದು ಕೇಳಿಸುವುದಿಲ್ಲ.

ನೀನು ಎರಡು ಮಾತು ಕೇಳಿದ್ದಿ. ಒಂದು, ಬಾಣಂತನಕ್ಕೆ ಅವ್ವನನ್ನು ಕಳಿಸು ಅಂತ. ಎರಡನೆಯದು: "ಅಪ್ಪ ಫೋನ್ ಮಾಡಿ ಕಾಶಪ್ಪ ಮಾಮಾನ ಭಕ್ತೀನ ಅವ್ವನ್ನ ಹಾಳ ಮಾಡ್ತು ಅಂತಾನ. ಮಾಮಾ ಫೋನ್ ಮಾಡಿ ಅವ್ವನ ಕೈ ಸುಟ್ಟಾಂವ ದೇವರಿಲ್ಲದ ನಿಮ್ಮಪ್ಪ ಅಂತಾನ. ಯಾರದು ಖರೆ? ನನ್ನ ಕೂಸಿಗೆ ದೇವರನ್ನ ಕಲಿಸಲೋ ಬ್ಯಾಡೋ? ಯಾವುದು ಕಲಿತರ ಮನಷ್ಯಾ ಅಂಥವ ಆಗ್ತಾನ?"

ಇಬ್ಬರು ಹೇಳಿದ್ದೂ ಖರೆ. ಗುರುಪಾದ ಭಾವನಿಗೂ ಓದಿ ಹೇಳು. ಅವರು ಹೊಳೆದಂಡೆಯ ಒಕ್ಕಲಿಗರು, ನಮ್ಮ ನೇಕಾರರ ಕೆಲಸ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬಿಡಿಸಿಯೇ ಬರೆಯುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದ ಎಳೆಗಳು, ಮುಗಿಯಲು ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೆರಳಲ್ಲಿ ಹೊಸೆದು ಸೇರಿಸಬೇಕು. ಕೆಚ್ಚುವುದು ಅಂತೀವಿ. ಸಾವಿರಾರು ಎಳೆ. ಬೆರಳು ಬೆವರಿದರೆ ನೂಲು ಜಾರುತ್ತದೆ, ಅದಕ್ಕೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಬನಹಟ್ಟಿಯಲ್ಲಿ ಅವ್ವನ ಕೈ ಕೆಚ್ಚಿದ ಹಾಸು ಹರಿಯುವುದಿಲ್ಲ ಅಂತ ಹೆಸರು.

ಹೋದ ವರ್ಷ, ನಿನ್ನ ಮದುವೆಯಾದ ಮರುತಿಂಗಳು, ಅವ್ವ ಮನೆಯಲ್ಲೇ ಒಂದು ಹಾಸು ಕೆಚ್ಚುತ್ತ ಕೂತಿದ್ದಳು. ಸೆಕೆ. ಬೂದಿಯ ಕೈಯಲ್ಲೇ ಹಣೆ ಒರೆಸಿಕೊಂಡಳು. ಬೆವರನ್ನು ಮೂರು ಬೆರಳಿನಿಂದ ತಾನೆ ಒರೆಸಿಕೊಳ್ಳುವುದು? ಹಣೆಯ ಮೇಲೆ ಅಡ್ಡಕ್ಕೆ ಮೂರು ಗೆರೆ ಮೂಡಿದವು. ಅದೇ ಹೊತ್ತಿಗೆ ಅಪ್ಪ ಜಮಖಂಡಿಯಿಂದ ಬಂದಿದ್ದ ಶಿವಾಜಿ ಕಾಕಾನನ್ನು ಚಹಕ್ಕೆ ಕರೆದುಕೊಂಡು ಬಂದ. ಕೂಲಿಕಾರರ ಸಭೆಯಲ್ಲಿ ಅಪ್ಪನ ಜೊತೆ ಭಾಷಣ ಮಾಡುವವರು ಅವರು. ಅವ್ವನನ್ನು ನೋಡಿ ನಕ್ಕುಬಿಟ್ಟರು. "ಏನ್ ಪ್ರಭಣ್ಣಾ, ಹೊರಗ ದೇವರಿಲ್ಲ ಅಂತಿ, ಮನಿಯಾಗ ಮಠಾ ತಗದೀಯೇನು?"

ಅಪ್ಪನೂ ನಕ್ಕ. ಕಾಕಾ ಹೋದ ಮೇಲೆ ಕದ ಹಾಕಿದ.

"ಸಾವಕ್ಕಾ, ಹಣಿ ಮ್ಯಾಲೆ ಏನೈತಿ?"

"ಬೂದಿರಿ. ಬೆವರ ಒರಸ್ಕೊಂಡೆ."

"ಬೂದಿಗೆ ಮೂರು ಗೆರಿ ಹೆಂಗ ಬಂದ್ವು?"

ಅವ್ವ ತನ್ನ ಬೆರಳು ತೋರಿಸಿದಳು. ನಾನೂ ಹೇಳಿದೆ, ಅಪ್ಪಾ, ನಾನು ನೋಡೇನಿ, ಬರೇ ಬೆವರು ಅಂತ. ಅಪ್ಪ ನನ್ನ ಕಡೆ ತಿರುಗಲಿಲ್ಲ. ಒಲೆಯ ಮೇಲೆ ನೂಲಿಗೆ ಹಾಕುವ ಗಂಜಿ ಕುದಿಯುತ್ತಿತ್ತು. "ಮೂಢನಂಬಿಕಿ ಚರ್ಮದಾಗ ಇಳದಿರತೈತಿ," ಅಂದ, ಸಭೆಯಲ್ಲಿ ಮಾತಾಡುವ ಅದೇ ದನಿಯಲ್ಲಿ, "ಚರ್ಮದಿಂದನ ತಗೀಬೇಕಾಗತೈತಿ. ನಿನ್ನ ಒಳ್ಳೇದಕ್ಕ ಮಾಡಾಕತ್ತೇನಿ." ಅವ್ವನ ಕೈ ಹಿಡಿದು ಗಂಜಿಯಲ್ಲಿ ಅದ್ದಿದ. ಹೇಳುತ್ತಿದ್ದ ವಾಕ್ಯ ಮುಗಿಯುವವರೆಗೆ ಬಿಡಲಿಲ್ಲ. ಅವನ ವಾಕ್ಯಗಳು ಎಷ್ಟು ಉದ್ದ ಅಂತ ನಿನಗೆ ಗೊತ್ತಲ್ಲ.

ನಿನಗೆ ಗಂಜಿ ಚೆಲ್ಲಿತು ಅಂತ ಹೇಳಿದ್ದರು. ಹಾಗೆ ಹೇಳು ಅಂದವಳು ಅವ್ವನೇ.

ಅಪ್ಪನ ಬಗ್ಗೆ ಇನ್ನೊಂದು ಮಾತನ್ನೂ ಬರೆಯಬೇಕು, ಬರೆಯದಿದ್ದರೆ ಸುಳ್ಳಾಗುತ್ತದೆ. ನಾನು ಒಂಬತ್ತನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟಾಗ ಅಪ್ಪ ಊಟ ಬಿಟ್ಟಿದ್ದ. ಹೆಣ್ಣು ಹುಡುಗಿಗೆ ಓದು ಯಾಕೆ ಅಂದ ಮಂದಿಯ ಜೊತೆ ಓಣಿಯಲ್ಲಿ ನಿಂತು ಜಗಳಾಡಿದ್ದು ಅವನೇ. ಇದೂ ಆ ಮನುಷ್ಯನೇ.

ನಾನು ಅವ್ವನನ್ನು ರಬಕವಿಗೆ ಕರೆದುಕೊಂಡು ಹೋದೆ, ಕಾಶಪ್ಪ ಮಾಮಾನ ಮನೆಗೆ. ತಂಗಿಯ ಕೈ ನೋಡಿ ಮಾಮಾ ಗಳಗಳ ಅತ್ತ. "ದೇವರ ಅಂಜಿಕಿ ಇಲ್ಲದವನ ಕೈಯಾಗ ಹೆಣ್ಣು ಕೊಟ್ಟಿದ್ದ ನಮ್ಮ ತಪ್ಪು" ಅಂದ. ದಿನಾ ತಾನೇ ಎಣ್ಣೆ ಹಚ್ಚಿದ. ಕೈ ಮಾದಿತು. ಆದರೆ ಅಕ್ಕಾ, ಮಾದ ಚರ್ಮ ಹೇಗಾಯಿತು ಗೊತ್ತೇ? ಗಾಜಿನ ಹಾಗೆ ನುಣ್ಣಗೆ. ಗೆರೆಯೇ ಇಲ್ಲ. ಲೋಟ ಹಿಡಿದರೂ ಜಾರುತ್ತದೆ, ಇನ್ನು ನೂಲು ಎಲ್ಲಿ ನಿಲ್ಲಬೇಕು? ಕೆಚ್ಚಲು ಕೂತರೆ ಮೊದಲಿಗಿಂತ ಹೆಚ್ಚು ಬೂದಿ ಬೇಕು, ಅದೂ ನುಣುಪಾದದ್ದು. ಮಾಮಾನ ಮನೆಯಲ್ಲಿ ಗ್ಯಾಸಿನ ಒಲೆ. ಬೂದಿ ಎಲ್ಲಿಂದ ಬರಬೇಕು?

ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿ ಇತ್ತು. ಅವ್ವ ಅದರ ತುದಿ ಕೆರೆದು ಬೆರಳಿಗೆ ಹಚ್ಚಿಕೊಂಡು ಕೆಚ್ಚಿದಳು. ನನ್ನ ಹತ್ತಿರ ಖುಷಿಯಿಂದ ಹೇಳಿದಳು: "ಉಜ್ಜೀ, ದೇವರ ನನ್ನ ಬೆರಳು ಹಿಡದಾನ ನೋಡು. ಒಂದ ಎಳಿನೂ ಜಾರಲಿಲ್ಲ." ಅವಳಿಗೆ ಅದು ಪೂಜೆ ಇದ್ದ ಹಾಗೆ ಇತ್ತು. ಮಾಮಾನಿಗೆ ಅದು ಶಿವನ ವಿಭೂತಿಯನ್ನು ಒಲೆಯ ಬೂದಿ ಮಾಡಿದ ಪಾಪ. ಒಬ್ಬ ಬೂದಿಯನ್ನು ವಿಭೂತಿ ಅಂತ ತಿಳಿದು ಅವಳ ಕೈ ಸುಟ್ಟ. ಇನ್ನೊಬ್ಬ ವಿಭೂತಿಯನ್ನು ಬೂದಿ ಮಾಡಿದಳು ಅಂತ ಹಿಡಿದ.

ಮಾಮಾ ಕೂಗಾಡಲಿಲ್ಲ. ಅವನ ದನಿ ಏರುವುದೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಅಂಗಳದ ಹಾಸುಗಲ್ಲಿನ ಮೇಲೆ ಅವ್ವನನ್ನು ಮೊಣಕಾಲೂರಿ ಕೂರಿಸಿದ. ಉಳಿದ ಗಟ್ಟಿಯನ್ನೆಲ್ಲ ತಂಬಿಗೆಯ ನೀರಲ್ಲಿ ಕಲಸಿ ಬಾಯಿಗೆ ಹಿಡಿದ. ಅವಳು ಕಾರಿದಳು. ಮಾಮಾ ತನ್ನ ಹೆಗಲ ಮೇಲಿನ ವಸ್ತ್ರದಿಂದಲೇ ಅವಳ ಬಾಯಿ ಒರೆಸಿದ, ತಲೆ ಸವರಿದ, ಮತ್ತೆ ತಂಬಿಗೆ ಎತ್ತಿದ. "ಕುಡಿಯವ್ವಾ, ನನ್ನ ತಂಗಿ. ಒಳಗಿನ ಪಾಪ ತೊಳೀಬೇಕು. ನಿನ್ನ ಒಳ್ಳೇದಕ್ಕ."

ನಾನು ತಂಬಿಗೆ ಕಸಿಯಲು ಹೋದೆ. ಅತ್ತಿ ಅನಸವ್ವ ನನ್ನ ಜಡೆ ಹಿಡಿದು ಒಳಗೆ ಎಳೆದಳು. "ಸುಮ್ಮನಿರಬೇ. ದೇವರ ಕೆಲಸದಾಗ ಕೈ ಹಾಕಬ್ಯಾಡ." ಅದಾದ ಮೇಲೆ ಮಾಮಾ ಓಣಿಯಲ್ಲೆಲ್ಲ ಹೇಳಿದ, ದೇವರ ವಿಭೂತಿ ತುಳಿದವಳ ಕೈಗೆ ಯಾರೂ ಹಾಸು ಕೊಡಬೇಡಿ ಅಂತ. ಯಾರೂ ಕೊಡಲಿಲ್ಲ.

ಸುದ್ದಿ ಬನಹಟ್ಟಿಗೆ ಹೋಯಿತು. ಅಪ್ಪ ಬಂದ. ನಾನು ಮೂರ್ಖಿ, ಅವ್ವನಿಗಾಗಿ ಬಂದ ಅಂದುಕೊಂಡೆ. ಅವನು ಬಂದದ್ದು ವಾದ ಗೆಲ್ಲಲು.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಪಕ್ಕದ ಮನೆಯ ಹೊಳೆಪ್ಪಜ್ಜ ಚಹಾ ಹಿಡಿದು ನಡುವೆ ಕೂತ. ಒಳಗೆ ಅವ್ವ ಗೋಡೆಗೆ ಒರಗಿದ್ದಳು. ನೀರು ಕುಡಿದರೂ ಕಾರುತ್ತಿದ್ದಳು.

"ನೋಡಿದೆಲ್ಲ ಕಾಶಪ್ಪ, ಇದು ನಿನ್ನ ಧರ್ಮ," ಅಂದ ಅಪ್ಪ. "ದೇವರ ಹೆಸರಿಲೆ ಹೆಣ್ಣಮಕ್ಕಳನ್ನ ಚಿತಿ ಏರಿಸಿದ್ರಿ. ಅಲ್ಲಿ ಯುರೋಪಿನಾಗ ಮಾಟಗಾತಿ ಅಂತ ಕಂಬಕ್ಕ ಕಟ್ಟಿ ಸುಟ್ರು. ಯುದ್ಧ ಎಲ್ಲಾ ದೇವರವು."

"ದೇವರಿಲ್ಲ ಅಂದ ನಿಮ್ಮ ಸ್ಟಾಲಿನ್ನ ಎಷ್ಟು ಮಂದೀನ ತಿಂದ? ಅದನ್ನ ಮೊದಲ ಹೇಳು. ಗುಡಿ ಕೆಡವಿದವ್ರು ಮನಷ್ಯಾರನ್ನ ಉಳಸ್ತಾರೇನು?"

"ಹಿಟ್ಲರನ ಸಿಪಾಯಿಗಳ ಸೊಂಟದ ಪಟ್ಟಾದ ಮ್ಯಾಲೆ ದೇವರು ನಮ್ಮ ಜೊತಿ ಅದಾನ ಅಂತ ಬರದಿತ್ತು, ಗೊತ್ತೈತೇನು?"

"ಪಟ್ಟಾದ ಮ್ಯಾಲೆ ಬರದರೇನಾತು? ನಮ್ಮ ಓಣ್ಯಾಗ ದಾರೂ ಅಂಗಡಿ ಮ್ಯಾಲೂ ಶ್ರೀ ಅಂತ ಬರದೈತಿ."

ಹೊಳೆಪ್ಪಜ್ಜ ನಕ್ಕ. "ಆ ಕಡಿ ಹೆಣಾ ಎಷ್ಟು, ಈ ಕಡಿ ಹೆಣಾ ಎಷ್ಟು, ಛಲೋ ತೂಗಾಕತ್ತೀರಪಾ. ಚಾ ಆರಾಕತ್ತೈತಿ, ಕುಡೀರಿ."

ನನಗೆ ತಡೆಯಲಾಗಲಿಲ್ಲ. ಹೊಸ್ತಿಲಿಗೆ ಬಂದು ಕೇಳಿದೆ: "ಅಪ್ಪಾ, ಮಾಮಾ, ಸ್ಟಾಲಿನ್ನ ಹಿಟ್ಲರ ಇಬ್ಬರೂ ರಬಕವಿಗೆ ಬಂದಿಲ್ಲ. ಅವ್ವನ ಕೈ ಯಾರು ಸುಟ್ರು? ಅವ್ವಗ ಬೂದಿ ಯಾರು ಕುಡಿಸಿದ್ರು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಾಮಾ ಮೆಲ್ಲಗೆ ಅಂದ, "ಸಾಲಿ ಬಿಟ್ಟಾಕಿ, ಆಕಿಗೇನು ತಿಳೀತೈತಿ ಇತಿಹಾಸ." ಅಪ್ಪ, "ಖರೆ ಐತಿ. ಒಳಗ ನಡಿ ಉಜ್ವಲಾ," ಅಂದ. ಇಡೀ ಸಂಜೆ ಇಬ್ಬರೂ ಒಪ್ಪಿದ್ದು ಆ ಒಂದು ಮಾತನ್ನು. ಅಪ್ಪ ಚಹಾ ಕುಡಿದು ಹೊರಟುಹೋದ. ಒಳಗೆ ಬಂದು ಅವ್ವನನ್ನು ನೋಡಲಿಲ್ಲ.

ಮರುದಿನವೇ ಅವ್ವನನ್ನು ಚಿಮ್ಮಡಕ್ಕೆ ಕರೆತಂದು ಈ ಬಾಡಿಗೆ ಖೋಲಿ ಹಿಡಿದೆ. ಇಲ್ಲಿ ಕಟ್ಟಿಗೆಯ ಒಲೆ. ಬೂದಿಗೆ ಬರವಿಲ್ಲ. ನಾನು ಆಟೋದಲ್ಲಿ ಬನಹಟ್ಟಿಯ ಪವರ್‌ಲೂಮಿಗೆ ಹೋಗಿಬರುತ್ತಿದ್ದೆ. ಅವ್ವ ಮನೆಯಲ್ಲಿ ನೂಲಿಗೆ ಗಂಜಿ ಹಾಕಿಕೊಡುತ್ತಾಳೆ. ಅದಕ್ಕೆ ಬೆರಳಿನ ಹಿಡಿತ ಅಷ್ಟು ಬೇಕಿಲ್ಲ. ಅವಳು ಆರಾಮ ಇದ್ದಾಳೆ. ನಿನ್ನ ಕೂಸಿಗೆ ಹಳೆಯ ಸೀರೆಗಳ ಕೌದಿ ಹೊಲಿದಿದ್ದಾಳೆ. ನಡುವೆ ನಿನ್ನ ಮದುವೆಯ ಹಿಂದಿನ ಹಸಿರು ಸೀರೆಯ ತುಂಡು ಇದೆ.

ನಿನ್ನ ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇತ್ತು. ದೇವರಿಂದಲೂ ಅಲ್ಲ, ದೇವರಿಲ್ಲದ್ದರಿಂದಲೂ ಅಲ್ಲ, ಗಂಡಸರಿಂದ. ಗಂಡಸಿನ ಕೈಗೆ ಏನು ಸಿಕ್ಕರೂ, ಪುಸ್ತಕ ಸಿಗಲಿ, ಲಿಂಗ ಸಿಗಲಿ, ಅದನ್ನೇ ಬಡಿಗೆ ಮಾಡಿಕೊಳ್ಳುತ್ತಾನೆ. ನಿನಗೆ ಮಗಳು ಹುಟ್ಟಿದರೆ ಚಿಂತೆಯೇ ಇಲ್ಲ ಅಂತ ಬರೆಯಬೇಕೆಂದಿದ್ದೆ. ಆ ಉತ್ತರ ಬಹಳ ದಿನ ನನ್ನನ್ನು ಬೆಚ್ಚಗಿಟ್ಟಿತ್ತು. ಈಗ ಅದು ನನ್ನ ಹತ್ತಿರ ಇಲ್ಲ.

ಕೂಸು ಹೆಣ್ಣಿರಲಿ ಗಂಡಿರಲಿ, ಕೈಕಾಲು ಗಟ್ಟಿಯಾಗಿರಲಿ. ದೇವರ ಮುಂದೆ ಕೂರಲಿ, ಬೇಡವಾದರೆ ಎದ್ದು ಹೋಗಲಿ, ಎದ್ದು ಹೋದರೂ ಊಟದ ಹೊತ್ತಿಗೆ ನೀನು ಕರೆಯುವಂತಿರಲಿ. ನನಗೆ ತಿಳಿದ ಆಶೀರ್ವಾದ ಇಷ್ಟೇ.

ನಿನ್ನ ತಂಗಿ,
ಉಜ್ವಲಾ

ತಾ.ಕ.: ಅಕ್ಷರ ಸೊಟ್ಟ ಯಾಕೆ ಅಂತ ನೀನು ಕೇಳಿಯೇ ಕೇಳುತ್ತಿ. ಎಡಗೈಯಿಂದ ಬರೆದಿದ್ದೇನೆ.

ದೀಪಾವಳಿಯ ಮರುವಾರ ಅವ್ವ ಅಂದಳು, "ಸ್ನೇಹಾ ಸುಸೂತ್ರ ಹಡೀಲಿ ಅಂತ ನೀ ಸೋಮವಾರ ಹಿಡೀಬೇಕು. ನಂದಿ ಮುಟ್ಟಿ ಹರಕಿ ಹೊರು." ಬೇರೆ ಯಾವುದಕ್ಕಾದರೂ ತುಟಿ ಅಲ್ಲಾಡಿಸುತ್ತಿದ್ದೆ. ನಿನ್ನ ಕೂಸಿನ ಹೆಸರಿನಲ್ಲಿ ಸುಳ್ಳು ಹರಕೆ ಹೊರಲು ಆಗಲಿಲ್ಲ. "ಅವ್ವಾ, ನನಗ ನಂಬಿಕಿ ಇಲ್ಲ. ಯಾವಾಗೂ ಇರಲಿಲ್ಲ," ಅಂದೆ.

ಅವ್ವ ಒಲೆಯ ಬಾಯಿಂದ ಬೂದಿ ತೆಗೆದು ಬೆರಳಿಗೆಲ್ಲ ಹಚ್ಚಿಕೊಂಡಳು, ಕೆಚ್ಚಲು ಕೂರುವಾಗ ಹಚ್ಚಿಕೊಳ್ಳುವ ಹಾಗೆ, ಒಂದೊಂದೇ ಬೆರಳಿಗೆ. ನನ್ನ ಹಣೆಗೆ ಹಚ್ಚುತ್ತಾಳೆ ಅಂದುಕೊಂಡೆ. ಹಚ್ಚಲಿ, ಅವಳಿಗೆ ಅಷ್ಟು ಸಮಾಧಾನವಾದರೆ ಸಾಕು ಅಂತ ತಲೆ ಬಾಗಿಸಿದೆ. ಅವಳು ನನ್ನ ಬಲಗೈಯ ಮಣಿಕಟ್ಟು ಹಿಡಿದಳು. ಬೂದಿ ಹಚ್ಚಿಕೊಂಡದ್ದು ಹಿಡಿತ ಜಾರಬಾರದು ಅಂತ. ಪಕ್ಕದಲ್ಲೇ ಗಂಜಿ ಕುದಿಯುತ್ತಿತ್ತು.

"ನೀನೂ ಆ ಪ್ರಭುಲಿಂಗನ ಬೀಜನ," ಅಂದಳು. ಆಮೇಲೆ ಮಾಮಾನ ಹಾಗೆ, ಮೆಲ್ಲಗೆ: "ನಿನ್ನ ಒಳ್ಳೇದಕ್ಕ."

ಆಗ ಅವಳ ಮುಖ ನೋಡಿದೆ. ನಂದಿಯ ಮುಂದೆ ಕೂತಾಗ ಆಗುತ್ತಿತ್ತಲ್ಲ, ಅಷ್ಟೇ ಚೆಂದ ಇತ್ತು.

ಈಗ ದಿನಾ ಅಳುತ್ತ ನನ್ನ ಕೈಗೆ ಎಣ್ಣೆ ಹಚ್ಚುತ್ತಾಳೆ, ಉಣ್ಣಿಸುತ್ತಾಳೆ. ಕಳಿಸಬೇಡ ಅನ್ನಲು ನನಗೆ ಬಾಯಿಲ್ಲ. ಬಾಣಂತನ ಅವಳಷ್ಟು ಚೆಂದ ಯಾರೂ ಮಾಡಲಾರರು. ಕೂಸಿಗೆ ಎರೆಯಲಿ, ಹಾಡಲಿ, ತೊಟ್ಟಿಲು ತೂಗಲಿ. ಆದರೆ ಅದರ ಮಣಿಕಟ್ಟು ಹಿಡಿದು ನಿನ್ನ ಒಳ್ಳೇದಕ್ಕ ಅಂದ ಕೂಡಲೇ ಕೂಸನ್ನು ಕಸಿದುಕೋ. ಅದು ಅವ್ವ ಇರಲಿ, ಭಾವ ಇರಲಿ. ನೀನೇ ಅಂದರೆ, ಭಾವನಿಗೆ ಕಸಿದುಕೊಳ್ಳಲು ಹೇಳಿಡು.

ಅವ್ವ ನಾಡಿದ್ದು ಪಕ್ಕದ ಮನೆಯ ಮುತ್ತಣ್ಣನ ಜೀಪಿನಲ್ಲಿ ಅನಗವಾಡಿಗೆ ಬರುತ್ತಾಳೆ, ಕೌದಿ ತರುತ್ತಾಳೆ. ನಾನು ಬರುವುದಿಲ್ಲ. ಮುಧೋಳದಲ್ಲಿ ಗೆಳತಿ ಶೇವಂತಿಯ ಖಾನಾವಳಿಯಲ್ಲಿ ಒಂದು ಕೈಯ ಕೆಲಸ ಇದೆ. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ.